ಟೆಂಡರ್ ಕರೆಯುವ ಮುನ್ನ: ಮರುಭೂಮಿಯ ಸಣ್ಣ ಪಟ್ಟಣಗಳ ನಗರಸಭೆಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು, ಮುಖ್ಯಾಧಿಕಾರಿಗಳು ಹಾಗೂ ಸದಸ್ಯರು,
ಮರುಭೂಮಿಯ ಸಣ್ಣ ಪಟ್ಟಣಗಳ ನಗರಸಭೆಗಳು.

ವಿಷಯ: ಕೊಳಚೆ ನೀರಿನ ಶುದ್ಧೀಕರಣ ಘಟಕದ ಆಯ್ಕೆ, ನಿರ್ವಹಣೆ ಮತ್ತು ಶುದ್ಧವಾದ ನೀರಿನ ಬಳಕೆ.

ಮಾನ್ಯರೇ,

ನಿಮ್ಮ ಮೇಜಿಗೆ ಬರುವ ಕಡತಗಳಲ್ಲಿ ಒಂದು ಟಿಪ್ಪಣಿ ಮತ್ತೆ ಮತ್ತೆ ಕಾಣುತ್ತದೆ: ಹಳೆಯ ಹೊಂಡಗಳು ನಾರುತ್ತಿವೆ, ಜನ ದೂರುತ್ತಿದ್ದಾರೆ, ಆದ್ದರಿಂದ ಆಧುನಿಕ ಯಾಂತ್ರಿಕ ಘಟಕಕ್ಕೆ ಟೆಂಡರ್ ಕರೆಯಬಹುದು. ಈ ಟಿಪ್ಪಣಿಯ ಮೊದಲ ಭಾಗ ನಿಜ, ಎರಡನೆಯದೂ ನಿಜ. ತಕರಾರಿರುವುದು ಆ 'ಆದ್ದರಿಂದ' ಎಂಬ ಪದದ ಬಗ್ಗೆ. ಹೊಂಡ ಏಕೆ ನಾರುತ್ತಿದೆ ಎಂದು ಯಾರೂ ಅಳೆದು ನೋಡಿಲ್ಲ. ಹೂಳು ಎಷ್ಟಿದೆ, ಒಳಗೆ ದಿನಕ್ಕೆ ಎಷ್ಟು ನೀರು ಬರುತ್ತಿದೆ, ಎಷ್ಟು ಹೊರಗೆ ಹೋಗುತ್ತಿದೆ ಎಂಬ ಮೂರು ಅಂಕಿಗಳು ಕಡತದಲ್ಲಿ ಇಲ್ಲದೆಯೇ ನಾಲ್ಕನೆಯ ಅಂಕಿ, ಅಂದರೆ ಯೋಜನಾ ವೆಚ್ಚ, ಸಿದ್ಧವಾಗಿರುತ್ತದೆ. ಈ ಕೆಲಸದ ಒಳಹೊರಗು ಬಲ್ಲವರಾಗಿ ನಾವು ಈ ಪತ್ರ ಬರೆಯುತ್ತಿರುವುದು ಆ ಮೂರು ಅಂಕಿಗಳಿಗಾಗಿ.

ಮೊದಲಿಗೆ ಮರುಭೂಮಿಯ ಕೊಳಚೆಯ ಸ್ವಭಾವ. ಒಬ್ಬ ಮನುಷ್ಯ ದಿನಕ್ಕೆ ಹೊರಹಾಕುವ ಕೊಳೆಯ ಪ್ರಮಾಣ ಎಲ್ಲಿದ್ದರೂ ಹೆಚ್ಚುಕಡಿಮೆ ಒಂದೇ. ಬಿಒಡಿ ಲೆಕ್ಕದಲ್ಲಿ 40ರಿಂದ 50 ಗ್ರಾಂ. ಬಿಒಡಿ ಎಂದರೆ ಆ ಕೊಳೆಯನ್ನು ಅರಗಿಸಿಕೊಳ್ಳಲು ಸೂಕ್ಷ್ಮಾಣುಗಳಿಗೆ ಬೇಕಾಗುವ ಆಮ್ಲಜನಕ. ಬದಲಾಗುವುದು ಅದನ್ನು ಕೊಚ್ಚಿಕೊಂಡು ಬರುವ ನೀರು. ತಲೆಗೆ 200 ಲೀಟರ್ ಸುರಿಯುವ ಊರಿನಲ್ಲಿ ಲೀಟರಿಗೆ 225 ಮಿಲಿಗ್ರಾಂ ಬಿಒಡಿ ಬಂದರೆ, 90 ಲೀಟರಿನಲ್ಲಿ ಬದುಕುವ ಊರಿನಲ್ಲಿ ಅದೇ 45 ಗ್ರಾಂ ಲೀಟರಿಗೆ 500 ಮಿಲಿಗ್ರಾಂ ಆಗುತ್ತದೆ. ಎರಡು ಪಟ್ಟಿಗಿಂತ ಗಟ್ಟಿ. ನೀರು ಹೇರಳವಾಗಿರುವ ಕಡೆಯ ನಕಾಶೆಯನ್ನು ತಂದು, ದಿನಕ್ಕೆ ಎಷ್ಟು ಘನ ಮೀಟರ್ ಎಂಬುದನ್ನು ಮಾತ್ರ ತಾಳೆ ನೋಡಿ ಕಟ್ಟಿಸಿದ ಘಟಕ ಮೊದಲ ದಿನವೇ ಎರಡರಷ್ಟು ಹೊರೆ ಹೊತ್ತು ಶುರುವಾಗುತ್ತದೆ. ಸಾಮರ್ಥ್ಯವನ್ನು ಘನ ಮೀಟರಿನಲ್ಲಿ ಮಾತ್ರ ಬರೆದು, ದಿನಕ್ಕೆ ಎಷ್ಟು ಕಿಲೋ ಬಿಒಡಿ ಎಂದು ಬರೆಯದ ಟೆಂಡರ್ ದಾಖಲೆಯನ್ನು ವಾಪಸ್ ಕಳುಹಿಸಿ.

ಇದೇ ಗಟ್ಟಿ ಕೊಳಚೆ, ಬಿಸಿ ನೆಲದ ಕೆಳಗೆ, ಸಮತಟ್ಟಾದ ಊರಿನ ಇಳಿಜಾರಿಲ್ಲದ ಕೊಳವೆಗಳಲ್ಲಿ ನಿಧಾನವಾಗಿ ತೆವಳಿ ಬರುತ್ತದೆ. ಕೊಳವೆ ತನ್ನನ್ನು ತಾನೇ ತೊಳೆದುಕೊಳ್ಳಬೇಕಾದರೆ ದಿನಕ್ಕೊಮ್ಮೆಯಾದರೂ ಹರಿವಿನ ವೇಗ ಸೆಕೆಂಡಿಗೆ 0.6 ಮೀಟರ್ ಮುಟ್ಟಬೇಕು. ಮುಟ್ಟದಿದ್ದರೆ ಗಸಿ ತಳ ಹಿಡಿಯುತ್ತದೆ, ಆಮ್ಲಜನಕ ಮುಗಿಯುತ್ತದೆ, ನೀರಿನಲ್ಲಿರುವ ಸಲ್ಫೇಟನ್ನು ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಆಗಿ ಮಾಡುತ್ತವೆ. ಮರುಭೂಮಿಯ ಅಂತರ್ಜಲದಲ್ಲಿ ಸಲ್ಫೇಟ್ ಬಹಳ ಸಲ ಹೆಚ್ಚೇ ಇರುತ್ತದೆ. ಆ ಅನಿಲ ಕೊಳವೆಯ ಮೇಲ್ಭಾಗದ ತೇವದಲ್ಲಿ ಕರಗಿ, ಬೇರೊಂದು ಬ್ಯಾಕ್ಟೀರಿಯಾದ ಬಾಯಿಗೆ ಬಿದ್ದು ಗಂಧಕಾಮ್ಲವಾಗುತ್ತದೆ. ಕಾಂಕ್ರೀಟ್ ಕೊಳವೆ ತಳದಿಂದ ಸವೆಯುವುದಿಲ್ಲ, ನೆತ್ತಿಯಿಂದ ಉದುರುತ್ತದೆ. ರಸ್ತೆ ಕುಸಿದಾಗ ಭಾರಿ ವಾಹನಗಳನ್ನು ಬೈಯುತ್ತೇವೆ. ಕೆಳಗೆ ಕೊಳವೆಯ ಮೇಲರ್ಧವೇ ಇರುವುದಿಲ್ಲ.

ಇನ್ನು ಅದೇ ಅನಿಲ ಮನುಷ್ಯನ ಮೂಗಿಗೆ ಮೋಸ ಮಾಡುತ್ತದೆ. ಗಾಳಿಯಲ್ಲಿ ಅತ್ಯಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ. ದಶಲಕ್ಷಕ್ಕೆ 100 ಭಾಗ ದಾಟುವ ಹೊತ್ತಿಗೆ ಮೂಗು ಸೋತು ವಾಸನೆಯೇ ತಿಳಿಯುವುದಿಲ್ಲ. 700 ದಾಟಿದರೆ ಒಂದೆರಡು ಉಸಿರಿನಲ್ಲಿ ಮನುಷ್ಯ ಕುಸಿಯುತ್ತಾನೆ. 'ವಾಸನೆ ಇಲ್ಲ, ಇಳಿಯಬಹುದು' ಎಂಬ ಮಾತು ಜೀವ ತೆಗೆಯುವ ಮಾತು. ಇಳಿದವನನ್ನು ಎತ್ತಲು ಇಳಿದವನೂ ಸಾಯುವುದು ಇದೇ ಕಾರಣಕ್ಕೆ. ಮ್ಯಾನ್‌ಹೋಲಿಗೆ ಮನುಷ್ಯ ಇಳಿಯದಂತೆ, ರಭಸದ ನೀರಿನಿಂದ ಕೊಳವೆ ತೊಳೆಯುವ ಜೆಟ್ಟಿಂಗ್ ಯಂತ್ರ ಇರಬೇಕು. ಬಾವಿಯಂಥ ಪಂಪ್ ಕೋಣೆಗೆ ಇಳಿಯಲೇಬೇಕಾದರೆ ಮೊದಲು ಗಾಳಿ ಊದಬೇಕು, ನಾಲ್ಕು ಅನಿಲಗಳ ಮಾಪಕವನ್ನು ಹಗ್ಗದಲ್ಲಿ ತಳದವರೆಗೆ ಇಳಿಸಿ ನೋಡಬೇಕು, ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆ ಇದ್ದರೆ ಅಥವಾ ಸಲ್ಫೈಡ್ 10 ಭಾಗ ದಾಟಿದ್ದರೆ ಯಾರೂ ಇಳಿಯಬಾರದು, ಇಳಿದವನ ಮೈಮೇಲೆ, ಮೇಲಿನ ಮೂರು ಕಾಲಿನ ಆನಿಕೆಗೆ (ಟ್ರೈಪಾಡ್) ಕಟ್ಟಿದ ಸುರಕ್ಷಾ ಪಟ್ಟಿ ಇರಬೇಕು. ಈ ಮಾಪಕದ ಸಂವೇದಕಕ್ಕೆ ಆಯುಸ್ಸಿದೆ. ಕಪಾಟಿನಲ್ಲಿ ಮೂರು ವರ್ಷ ಬೀಗ ಹಾಕಿಟ್ಟ ಮಾಪಕ ಸೊನ್ನೆ ತೋರಿಸುತ್ತದೆ, ಆ ಸೊನ್ನೆಗೆ ಅರ್ಥವಿಲ್ಲ.

ಘಟಕದ ಬಾಗಿಲಿನ ವಿಷಯಕ್ಕೆ ಬರೋಣ. ದೂಳು ಬಿರುಗಾಳಿ ಎದ್ದ ವಾರ ಕೊಳಚೆಯ ಜೊತೆ ಬರುವ ಮರಳು ಉಳಿದ ವಾರಗಳನ್ನು ಮೀರಿಸುತ್ತದೆ. ಅದನ್ನು ತಳಕ್ಕೆ ಕೂರಿಸಿ ತಡೆಯುವ ಮರಳು ಕಾಲುವೆಯ ಗುಟ್ಟು ವೇಗದಲ್ಲಿದೆ: ಸೆಕೆಂಡಿಗೆ 0.3 ಮೀಟರ್ ಆಸುಪಾಸು. ಅದಕ್ಕಿಂತ ನಿಧಾನವಾದರೆ ಮರಳಿನ ಜೊತೆ ಮಲವೂ ಕೂತು ಗಬ್ಬೆದ್ದು ನಾರುತ್ತದೆ, ವೇಗ ಹೆಚ್ಚಿದರೆ ಮರಳು ಹಾರಿ ಮುಂದಿನ ಹೊಂಡ ಸೇರುತ್ತದೆ. ಎರಡು ಸಮಾನಾಂತರ ಕಾಲುವೆ, ಒಂದನ್ನು ಮುಚ್ಚಿ ಇನ್ನೊಂದನ್ನು ಸಲಿಕೆಯಿಂದ ಬಾಚುವ ವ್ಯವಸ್ಥೆ, ಇಷ್ಟು ಸಾಕು. ಜಾಲರಿಯ ಕಸವನ್ನು ದಿನಕ್ಕೆರಡು ಸಲ ಎಳೆದು ಹೂಳಬೇಕು. ಇಷ್ಟು ಸರಳವಾದ ಕೆಲಸವೇ ಮೊದಲು ನಿಲ್ಲುವ ಕೆಲಸವೂ ಹೌದು, ಏಕೆಂದರೆ ಇದನ್ನು ಮಾಡುವವನು ಸಂಬಳಪಟ್ಟಿಯ ಕೊನೆಯ ಸಾಲಿನಲ್ಲಿರುತ್ತಾನೆ.

ಈಗ ಹೊಂಡಗಳು. ಲೆಕ್ಕಕ್ಕೆ 20,000 ಜನರ ಪಟ್ಟಣ ಎಂದಿಟ್ಟುಕೊಳ್ಳಿ. ತಲೆಗೆ 90 ಲೀಟರ್, ದಿನಕ್ಕೆ 1800 ಘನ ಮೀಟರ್ ಕೊಳಚೆ, 900 ಕಿಲೋ ಬಿಒಡಿ. ಹೊಂಡಗಳ ಸರಪಣಿಯಲ್ಲಿ ಮೂರು ಜಾತಿ. ಮೊದಲನೆಯದು ಅನೆರೋಬಿಕ್ ಹೊಂಡ, ನಾಲ್ಕು ಮೀಟರ್ ಆಳದ್ದು, ಆಮ್ಲಜನಕವಿಲ್ಲದೆ ಗಟ್ಟಿ ಕೊಳೆ ಅರಗುವ ಜಾಗ. ಎರಡನೆಯದು ಫ್ಯಾಕಲ್ಟೇಟಿವ್ ಹೊಂಡ, ಒಂದೂವರೆ ಮೀಟರ್. ಮೇಲೆ ಪಾಚಿ ಬಿಸಿಲಲ್ಲಿ ಆಮ್ಲಜನಕ ಉಣಿಸುತ್ತದೆ, ಕೆಳಗೆ ಕೊಳೆ ಕರಗುತ್ತದೆ. ಮೂರನೆಯದು ಮೆಚುರೇಶನ್ ಹೊಂಡಗಳು, ಒಂದು ಮೀಟರ್ ಆಳ, ರೋಗಾಣುಗಳನ್ನು ಬಿಸಿಲಿಗೂ ಏರಿದ ಪಿಎಚ್‌ಗೂ, ಅಂದರೆ ನೀರಿನ ಹೆಚ್ಚಿದ ಕ್ಷಾರಗುಣಕ್ಕೂ ಒಡ್ಡಿ ಕೊಲ್ಲುವ ಜಾಗ.

ಇಲ್ಲಿ ಆಗುವ ದೊಡ್ಡ ತಪ್ಪು ತಾಪಮಾನದ್ದು. ಮರುಭೂಮಿ ಎಂದರೆ ಬಿಸಿ ಎಂದು ವಿನ್ಯಾಸಕಾರ 25 ಡಿಗ್ರಿ ಹಿಡಿಯುತ್ತಾನೆ. ಹೊಂಡದ ಪ್ರಚಲಿತ ಸೂತ್ರಗಳ ಪ್ರಕಾರ 25 ಡಿಗ್ರಿಯಲ್ಲಿ ಅನೆರೋಬಿಕ್ ಹೊಂಡ ಶೇ. 70ರಷ್ಟು ಬಿಒಡಿ ಕಳೆಯುತ್ತದೆ, ಫ್ಯಾಕಲ್ಟೇಟಿವ್ ಹೊಂಡ ಹೆಕ್ಟೇರಿಗೆ ದಿನಕ್ಕೆ 350 ಕಿಲೋ ಹೊರುತ್ತದೆ. 900 ಕಿಲೋ ಊರಿಗೆ ಸುಮಾರು 0.77 ಹೆಕ್ಟೇರ್ ಸಾಕೆನಿಸುತ್ತದೆ. ಆದರೆ ಮರುಭೂಮಿಯ ಚಳಿಗಾಲದ ರಾತ್ರಿ ಮೂಳೆ ಕೊರೆಯುವಂಥದ್ದು. ಅತಿ ಚಳಿಯ ತಿಂಗಳ ಸರಾಸರಿ 15 ಡಿಗ್ರಿ ಎಂದಾದರೆ ಅನೆರೋಬಿಕ್ ಹೊಂಡ ಕಳೆಯುವುದು ಅರ್ಧ ಮಾತ್ರ, ಫ್ಯಾಕಲ್ಟೇಟಿವ್ ಹೊಂಡ ಹೊರುವುದು ಹೆಕ್ಟೇರಿಗೆ ಸುಮಾರು 167 ಕಿಲೋ. ಬೇಕಾಗುವ ಜಾಗ 2.7 ಹೆಕ್ಟೇರ್. ಮೂರೂವರೆ ಪಟ್ಟು! ಚಳಿಗಾಲ ಮುಗಿಯುವ ಹೊತ್ತಿಗೆ ಹೊಂಡ ನಾರಲು ಶುರುವಾಗುವುದು, ಬೇಸಿಗೆಯಲ್ಲಿ ತಾನಾಗಿಯೇ ಸುಧಾರಿಸುವುದು, ಮತ್ತೆ ಮರುವರ್ಷ ಅದೇ ದೂರು ಬರುವುದು ನಿಮ್ಮಲ್ಲೂ ಇದ್ದರೆ, ವಿನ್ಯಾಸದ ಕಡತದಲ್ಲಿ ಯಾವ ತಾಪಮಾನ ಹಿಡಿದಿದ್ದಾರೆ ಎಂದು ನೋಡಿಸಿ.

ಹೊಂಡದ ಬಣ್ಣವೇ ಅರ್ಧ ಪ್ರಯೋಗಾಲಯ. ಫ್ಯಾಕಲ್ಟೇಟಿವ್ ಹೊಂಡ ಕಡು ಹಸಿರಾಗಿದ್ದರೆ ಆರೋಗ್ಯ. ಗುಲಾಬಿ ಅಥವಾ ನೇರಳೆ ಬಣ್ಣ ಹಬ್ಬಿದರೆ ಗಂಧಕದ ಬ್ಯಾಕ್ಟೀರಿಯಾ ಮೇಲುಗೈ ಸಾಧಿಸಿವೆ, ಹೊರೆ ಮೀರಿದೆ ಎಂದರ್ಥ. ಬೂದು ಕಪ್ಪಾದರೆ ಪಾಚಿ ಸತ್ತಿದೆ, ಅದು ಈಗ ಅನೆರೋಬಿಕ್ ಹೊಂಡವೇ. ಆದರೆ ಆಳವಿಲ್ಲದ, ಹೆಚ್ಚು ನಾರುವ ಅನೆರೋಬಿಕ್ ಹೊಂಡ. ಕಾವಲುಗಾರನಿಗೆ ಒಂದು ನೋಟ್‌ಬುಕ್ ಕೊಟ್ಟು ಪ್ರತಿದಿನ ಬೆಳಿಗ್ಗೆ ಬಣ್ಣ ಬರೆಸಿದರೆ, ಒಂದು ವರ್ಷದಲ್ಲಿ ನಿಮ್ಮ ಹೊಂಡದ ಜಾತಕವೇ ಕೈಗೆ ಬರುತ್ತದೆ.

ಹೂಳಿನ ಲೆಕ್ಕ ಇನ್ನೂ ಸುಲಭ, ಇನ್ನೂ ಹೆಚ್ಚು ಕಡೆಗಣಿಸಿದ್ದು. ಅನೆರೋಬಿಕ್ ಹೊಂಡದಲ್ಲಿ ತಲೆಗೆ ವರ್ಷಕ್ಕೆ ಸುಮಾರು 0.04 ಘನ ಮೀಟರ್ ಹೂಳು ಕೂಡುತ್ತದೆ. 20,000 ಜನಕ್ಕೆ 800 ಘನ ಮೀಟರ್. 15 ಡಿಗ್ರಿಯ ಲೆಕ್ಕದಲ್ಲಿ ಹೊಂಡದ ಗಾತ್ರ 4500 ಘನ ಮೀಟರ್. ಮೂರನೇ ಒಂದು ಭಾಗ ತುಂಬಿದಾಗ ತೆಗೆಯಬೇಕು ಎಂಬುದು ನಿಯಮ, ಅಂದರೆ ಎರಡು ವರ್ಷ ತುಂಬುವ ಮೊದಲೇ. ಐದು ವರ್ಷ ಬಿಟ್ಟರೆ ಹೊಂಡ ಹೊಂಡವಾಗಿ ಉಳಿಯುವುದಿಲ್ಲ, ನೀರು ಮೇಲಿನ ತೆಳು ಪದರದಲ್ಲಿ ಜಾರಿಕೊಂಡು ಹೊರಟುಹೋಗುತ್ತದೆ. ಅಳೆಯಲು ಯಂತ್ರ ಬೇಡ. ಉದ್ದನೆಯ ಕೋಲಿಗೆ ಬಿಳಿ ಟವೆಲ್ ಸುತ್ತಿ ತಳ ಮುಟ್ಟುವವರೆಗೆ ನೇರ ಇಳಿಸಿ, ಒಂದು ನಿಮಿಷ ಬಿಟ್ಟು ನಿಧಾನ ಎತ್ತಿದರೆ ಹೂಳು ಎಲ್ಲಿಯವರೆಗೆ ಇದೆ ಎಂದು ಬಟ್ಟೆಯ ಮೇಲೆ ಗೆರೆ ಬಿದ್ದಿರುತ್ತದೆ. ಒಂದು ಹೊಂಡವನ್ನು ಖಾಲಿ ಮಾಡುವಾಗ ಊರಿನ ಕೊಳಚೆ ಎಲ್ಲಿಗೆ ಹೋಗಬೇಕು? ಅದಕ್ಕೇ ಒಂದೇ ದೊಡ್ಡ ಹೊಂಡ ತೋಡಬಾರದು. 2250 ಘನ ಮೀಟರಿನ ಮೂರು, ಎರಡು ದುಡಿಯಲಿ, ಒಂದು ವಿರಾಮದಲ್ಲಿರಲಿ. ಮೂರನೆಯದನ್ನು 'ಉಳಿತಾಯ' ಎಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕುವುದು ನಿಮ್ಮ ಲೆಕ್ಕಪತ್ರ ವಿಭಾಗದ ಮೇಲೆ ನಮಗಿರುವ ಹಳೆಯ ದೂರು.

ತೆಗೆದ ಹೂಳಿಗೆ ಮರುಭೂಮಿಯಷ್ಟು ಒಳ್ಳೆಯ ಜಾಗವಿಲ್ಲ. ಜಲ್ಲಿಯ ಮೇಲೆ ಮರಳು ಹಾಸಿದ ಪಾತಿಯಲ್ಲಿ 20ರಿಂದ 30 ಸೆಂಟಿಮೀಟರ್ ಹರಡಿದರೆ ಬೇಸಿಗೆಯಲ್ಲಿ ಎರಡು ವಾರದೊಳಗೆ ಬಿರುಕು ಬಿಟ್ಟು ಸಲಿಕೆಗೆ ಬರುತ್ತದೆ. ಒಣಗಿತು ಎಂದ ಮಾತ್ರಕ್ಕೆ ಗೊಬ್ಬರವಾಯಿತು ಎನ್ನುವಂತಿಲ್ಲ. ಜಂತುಹುಳುವಿನ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ರಾಶಿ ಹಾಕಿ ಕನಿಷ್ಠ ಒಂದು ವರ್ಷ ಕಾಯಬೇಕು.

ಹೊಂಡದ ಒಳದಾರಿಯ ಬಗ್ಗೆಯೂ ನಾಲ್ಕು ಮಾತು. ನೀರು ಒಳಬರುವ ಮೂಲೆ ಮತ್ತು ಹೊರಹೋಗುವ ಮೂಲೆ ಕರ್ಣದಲ್ಲಿ ಎದುರುಬದುರಾಗಿರಬೇಕು. ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ನೀರು ಹರಿಯುವಂತಿರಬೇಕು, ಇಲ್ಲದಿದ್ದರೆ ಬಿಸಿಗಾಳಿ ಒಳಬಂದ ಕೊಳಚೆಯನ್ನು ಮೇಲ್ಮೈಯಲ್ಲೇ ತಳ್ಳಿ ಒಂದೇ ದಿನದಲ್ಲಿ ಹೊರಗಟ್ಟುತ್ತದೆ. ಕಾಗದದ ಮೇಲೆ ಫ್ಯಾಕಲ್ಟೇಟಿವ್ ಹೊಂಡದಲ್ಲಿ 22 ದಿನ ತಂಗುವ ನೀರು ಅಲ್ಲಿ ಅಷ್ಟು ತಂಗುವುದೇ ಇಲ್ಲ. ಹೊರಗಂಡಿಯ ಆಳವೂ ಮುಖ್ಯ: ಅನೆರೋಬಿಕ್ ಹೊಂಡದಲ್ಲಿ ಮೇಲ್ಮೈಯಿಂದ 30 ಸೆಂಟಿಮೀಟರ್ ಕೆಳಗೆ, ಫ್ಯಾಕಲ್ಟೇಟಿವ್‌ನಲ್ಲಿ ಪಾಚಿಯ ಪಟ್ಟಿಯನ್ನು ತಪ್ಪಿಸಲು 60, ಮೆಚುರೇಶನ್‌ನಲ್ಲಿ 5. ಗಂಡಿಯ ಸುತ್ತ ಕೆನೆ ತಡೆಯುವ ಹಲಗೆ. ದಡಕ್ಕೆ ನೀರಿನ ಮಟ್ಟದ ಮೇಲೂ ಕೆಳಗೂ ಕಾಂಕ್ರೀಟ್ ಹಾಸು. ಹುಲ್ಲು ನೀರಿಗಿಳಿದ ಕಡೆಯೇ ಕ್ಯೂಲೆಕ್ಸ್ ಸೊಳ್ಳೆ ಮರಿ ಮಾಡುವುದು, ನಡುನೀರಿನಲ್ಲಲ್ಲ. ಹೊಗೆ ಬಿಡುವ ಯಂತ್ರಕ್ಕೆ ಹಾಕುವ ಹಣ ದಡದ ಕಳೆ ಕೀಳಲು ಹಾಕಿದರೆ ಸೊಳ್ಳೆ ನಿಜಕ್ಕೂ ಕಡಿಮೆಯಾಗುತ್ತದೆ. ಮರಳು ನೆಲವಾದರೆ ತಳಕ್ಕೆ ಪ್ಲಾಸ್ಟಿಕ್ ಹಾಳೆ ಅಥವಾ ಜೇಡಿಯ ಹಾಸು ಬೇಕೇ ಬೇಕು. ಇಲ್ಲವಾದರೆ ಹೊಂಡ ತುಂಬುವುದೇ ಇಲ್ಲ, 'ಘಟಕದಿಂದ ಕೊಳಚೆ ಹೊರಬರುತ್ತಿಲ್ಲ' ಎಂಬ ಸಂತೋಷದ ವರದಿ ಮಾತ್ರ ಬರುತ್ತದೆ. ಅತ್ತ ಕೊಳವೆಬಾವಿಗಳಲ್ಲಿ ನೈಟ್ರೇಟ್ ಏರುತ್ತಿರುತ್ತದೆ.

ಇಷ್ಟೆಲ್ಲ ಹೇಳಿದ್ದು ನಾವು ಮುಖ್ಯವೆಂದು ತಿಳಿದ ವಿಷಯಕ್ಕೆ ಬರಲು: ಆವಿ ಮತ್ತು ಉಪ್ಪು. ನಮ್ಮ ಲೆಕ್ಕದ ಊರಿನ ಹೊಂಡಗಳ ನೀರಿನ ಹರವು, ಮೂರು ಮೆಚುರೇಶನ್ ಹೊಂಡಗಳ 2.16 ಹೆಕ್ಟೇರ್ ಸೇರಿ, ಸುಮಾರು 5 ಹೆಕ್ಟೇರ್. ಮರುಭೂಮಿಯ ಬೇಸಿಗೆಯಲ್ಲಿ ದಿನಕ್ಕೆ 8 ಮಿಲಿಮೀಟರ್ ಆವಿ ಎಂದರೆ ಉತ್ಪ್ರೇಕ್ಷೆಯಲ್ಲ. ಹೆಕ್ಟೇರಿಗೆ 80 ಘನ ಮೀಟರಿನಂತೆ 400 ಘನ ಮೀಟರ್ ದಿನವೂ ಆಕಾಶಕ್ಕೆ. ಬಂದದ್ದು 1800, ಉಳಿದದ್ದು 1400. ನೀರು ಹೋಯಿತು, ಉಪ್ಪು ಹೋಗಲಿಲ್ಲ: ಲೀಟರಿಗೆ 1500 ಮಿಲಿಗ್ರಾಂ ಇದ್ದ ಕರಗಿದ ಲವಣ ಸುಮಾರು 1930 ಆಗುತ್ತದೆ. ಅನೆರೋಬಿಕ್ ಹೊಂಡ ನಾರುತ್ತದೆ ಎಂದು ಹೆದರಿ ಅದನ್ನು ಕೈಬಿಟ್ಟು ಬರೀ ಫ್ಯಾಕಲ್ಟೇಟಿವ್ ಹೊಂಡ ಕಟ್ಟಿದರೋ, ಅದಕ್ಕೇ 5.4 ಹೆಕ್ಟೇರ್ ಬೇಕು. ಒಟ್ಟು ಹರವು ಏಳೂವರೆ ಹೆಕ್ಟೇರ್ ಮುಟ್ಟಿ ದಿನಕ್ಕೆ 600 ಘನ ಮೀಟರ್ ಕಳೆದು, ಲವಣ 2250 ದಾಟುತ್ತದೆ. ನೀರಾವರಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿಯಲ್ಲಿ 2000 ಮಿಲಿಗ್ರಾಂ ಮೀರಿದ ನೀರು ತೀವ್ರ ನಿರ್ಬಂಧದ ವರ್ಗಕ್ಕೆ ಸೇರುತ್ತದೆ. ಅಂದರೆ ಒಂದೇ ಊರು, ಒಂದೇ ಕೊಳಚೆ. ಸಾವಿರ ಚದರ ಮೀಟರಿನ ಆಳದ ಹೊಂಡವೊಂದು ಇದೆಯೇ ಇಲ್ಲವೇ ಎಂಬುದರ ಮೇಲೆ ಆ ನೀರು ಗಿಡಕ್ಕೆ ಆಗುತ್ತದೆಯೋ ಇಲ್ಲವೋ ಎಂದು ತೀರ್ಮಾನವಾಗುತ್ತದೆ. ನೀರು ಸರಬರಾಜಿನಲ್ಲಿ ಸಲ್ಫೇಟ್ 500 ಮಿಲಿಗ್ರಾಂ ಮೀರಿದ್ದರೆ ಮಾತ್ರ ಅನೆರೋಬಿಕ್ ಹೊಂಡದ ದುರ್ವಾಸನೆಯ ಭಯ ಗಂಭೀರವಾದದ್ದು. ಆಗ ಅದಕ್ಕೆ ಮುಚ್ಚಳ ಹೊದಿಸಬೇಕು. ಅದಕ್ಕಿಂತ ಕಡಿಮೆಯಿದ್ದು, ಹೊರೆ ಮಿತಿಯಲ್ಲಿದ್ದು, ಹೂಳು ಕಾಲಕ್ಕೆ ತೆಗೆದರೆ ಅದು ಅಷ್ಟು ನಾರುವುದಿಲ್ಲ.

ಜೊಂಡು ಬೆಳೆಸಿದ ಕೃತಕ ಜೌಗಿನ ಬಗ್ಗೆ ಈಚೆಗೆ ಉತ್ಸಾಹ ಹೆಚ್ಚಿದೆ. ನೋಡಲು ಚೆಂದ. ಆದರೆ ದಟ್ಟವಾಗಿ ಬೆಳೆದ ಜೊಂಡು ಬೇಸಿಗೆಯಲ್ಲಿ ತೆರೆದ ನೀರಿಗಿಂತ ಹೆಚ್ಚು ನೀರು ಕುಡಿಯಬಲ್ಲದು. ಊರಿನ ಏಕೈಕ ಹೊಳೆಯಂತಿರುವ ಈ ನೀರನ್ನು ಜೊಂಡಿಗೆ ಕುಡಿಸುವ ಮೊದಲು ಲೆಕ್ಕ ಹಾಕಿ.

ಯಾಂತ್ರಿಕ ಘಟಕಕ್ಕೆ ನಾವು ವಿರೋಧಿಗಳಲ್ಲ. ಹರವು ಕಡಿಮೆ, ಆವಿ ಕಡಿಮೆ, ಉಪ್ಪೂ ಕಡಿಮೆ. ಇದು ಅದರ ನಿಜವಾದ ಗುಣ, ಮಾರಾಟಗಾರರು ಮಾತ್ರ ಇದನ್ನು ಹೇಳುವುದೇ ಇಲ್ಲ. ಜೋರ್ಡಾನ್‌ನ ಅಸ್-ಸಮ್ರಾದಲ್ಲಿ 1985ರಲ್ಲಿ ಶುರುವಾದ ಭಾರಿ ಹೊಂಡಗಳು ಹೊರೆ ತಾಳಲಾರದೆ ಸೋತು, 2008ರಲ್ಲಿ ಅವುಗಳ ಜಾಗಕ್ಕೆ ಆಕ್ಟಿವೇಟೆಡ್ ಸ್ಲಡ್ಜ್ ಘಟಕ, ಅಂದರೆ ಗಾಳಿಯಾಡಿಸಿದ ಕೆಸರಿನ ಜೀವಾಣುಗಳಿಂದ ಕೊಳೆ ಅರಗಿಸುವ ಯಾಂತ್ರಿಕ ಘಟಕ ಬಂತು. ಅದು ರಾಜಧಾನಿ ಪ್ರದೇಶದ ಕೊಳಚೆ. ಎತ್ತರದಿಂದ ಬೀಳುವ ನೀರಿನಿಂದಲೂ ಹೂಳಿನ ಅನಿಲದಿಂದಲೂ ತನ್ನ ವಿದ್ಯುತ್ತಿನ ದೊಡ್ಡ ಪಾಲನ್ನು ತಾನೇ ಉತ್ಪಾದಿಸಿಕೊಳ್ಳುತ್ತದೆ. ಅದರ ಚಿತ್ರ ತೋರಿಸಿ 20,000 ಜನರ ಊರಿಗೆ ಅದೇ ಬಗೆಯ ಘಟಕ ಮಾರಿದರೆ ಮೂಗಿಗಿಂತ ಮೂಗುತಿ ಭಾರವಾದಂತೆ.

ಭಾರ ಎಷ್ಟು ಎಂದು ನೋಡಿ. 900 ಕಿಲೋ ಬಿಒಡಿಗೆ, ಕೆಸರನ್ನು ಹೆಚ್ಚು ಕಾಲ ಗಾಳಿಯಾಡಿಸುವ ಪದ್ಧತಿಯಲ್ಲಿ, ದಿನಕ್ಕೆ ಸುಮಾರು 1800 ಕಿಲೋ ಆಮ್ಲಜನಕ ಬೇಕು. ನೀರನ್ನು ಕಡೆದು ಗಾಳಿ ಬೆರೆಸುವ ಮೇಲ್ಮೈ ಏರೇಟರ್ ಒಂದು ಯೂನಿಟ್ ವಿದ್ಯುತ್ತಿಗೆ 1.2 ಕಿಲೋ ಆಮ್ಲಜನಕ ಕೊಟ್ಟರೆ, ಅದಕ್ಕೆ ಮಾತ್ರ ದಿನಕ್ಕೆ 1500 ಯೂನಿಟ್. ಬಿಸಿ ನೀರಿನಲ್ಲಿ ಆಮ್ಲಜನಕ ಕರಗುವುದೂ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ 9.1 ಮಿಲಿಗ್ರಾಂ ಕರಗಿದರೆ 35 ಡಿಗ್ರಿಯಲ್ಲಿ 7 ಕೂಡ ಇಲ್ಲ. ಬ್ಲೋವರ್ ಇಟ್ಟರೆ ಅದರ ಗಾಳಿ ಸೋಸುವ ಜಾಲಿ ದೂಳಿನ ಋತುವಿನಲ್ಲಿ ವಾರದಲ್ಲೇ ಕಟ್ಟುತ್ತದೆ, ತಳದ ಡಿಫ್ಯೂಸರ್ ರಬ್ಬರ್ ಗಡಸು ನೀರಿನ ಸುಣ್ಣ ಹಿಡಿದು ಗಟ್ಟಿಯಾಗುತ್ತದೆ. ಮತ್ತೆ ಮತ್ತೆ ಅರ್ಧ ದಿನ ವಿದ್ಯುತ್ ಹೋಗುತ್ತಿದ್ದರೆ ಕೆಸರಿನ ಜೀವಾಣುಗಳು ಉಸಿರುಗಟ್ಟಿ, ತೆಳು ಎಳೆಗಳ ಜಾತಿ ಬೆಳೆದು, ಕೆಸರು ಕೂರದೆ ತೊಟ್ಟಿಯ ಅಂಚು ದಾಟಿ ಹರಿಯುತ್ತದೆ. ಎಲ್ಲವೂ ಸರಿಯಾಗಿ ನಡೆದರೂ ದಿನಕ್ಕೆ ಒಣತೂಕದಲ್ಲಿ ಅರ್ಧ ಟನ್, ಹಸಿಯಾಗಿ 60 ಘನ ಮೀಟರಿಗೂ ಹೆಚ್ಚು ಕೆಸರನ್ನು ಹೊರತೆಗೆಯಲೇಬೇಕು. ಎರಡು ವರ್ಷಕ್ಕೊಮ್ಮೆ ಹೂಳು ತೆಗೆಸಲಾಗದ ನಗರಸಭೆ ದಿನಕ್ಕೊಮ್ಮೆ ತೆಗೆಸುತ್ತದೆಯೇ? ಇದು ಕುಹಕವಲ್ಲ, ಟೆಂಡರಿಗೆ ಮುನ್ನ ನೀವೇ ನಿಮಗೆ ಕೇಳಿಕೊಳ್ಳಬೇಕಾದ ಪ್ರಶ್ನೆ.

ಜಾಗವಿಲ್ಲ, ಯಂತ್ರ ಬೇಕೇ ಬೇಕು ಎಂದಾದರೆ ನಡುದಾರಿಯಿದೆ: ಅನೆರೋಬಿಕ್ ಹೊಂಡದ ನಂತರ ಟ್ರಿಕ್ಲಿಂಗ್ ಫಿಲ್ಟರ್. ಕಲ್ಲಿನ ಅಥವಾ ಪ್ಲಾಸ್ಟಿಕ್ ಹಾಸಿನ ಮೇಲೆ ನೀರು ತೊಟ್ಟಿಕ್ಕುತ್ತದೆ, ಗಾಳಿ ತಾನಾಗಿ ಆಡುತ್ತದೆ, ವಿದ್ಯುತ್ ಬೇಕಾಗುವುದು ಪಂಪಿಗೆ ಮಾತ್ರ. ಕೆಲವು ಗಂಟೆ ನಿಂತರೂ ಲೋಳೆಪದರ ಒಣಗದಿದ್ದರೆ ಮತ್ತೆ ಚೇತರಿಸಿಕೊಳ್ಳುತ್ತದೆ. ಮಾರಲು ಅಷ್ಟು ಥಳುಕಿಲ್ಲ, ಅದೊಂದೇ ಅದರ ದೋಷ.

ಶೌಚಗುಂಡಿ ತೊಳೆಯುವ ಟ್ಯಾಂಕರ್‌ಗಳ ವಿಷಯ. ರಾತ್ರಿ ಹೊತ್ತು ಹತ್ತಿರದ ಮ್ಯಾನ್‌ಹೋಲಿಗೆ ಸುರಿದುಹೋಗುವ ಒಂದು 5 ಘನ ಮೀಟರ್ ಟ್ಯಾಂಕರ್‌ನಲ್ಲಿ ಬಿಒಡಿ ಲೀಟರಿಗೆ 5000 ಮಿಲಿಗ್ರಾಂ ಇದ್ದರೆ ಅದು 25 ಕಿಲೋ; 550 ಜನರ ಒಂದು ದಿನದ ಕೊಳೆ ಹತ್ತು ನಿಮಿಷದಲ್ಲಿ. ಬೈದು ಓಡಿಸಿದರೆ ಅವರು ಬಯಲಿಗೆ ಸುರಿಯುತ್ತಾರೆ. ಘಟಕದ ಬಾಗಿಲಲ್ಲೇ ಜಾಲರಿ ಇರುವ ಸಣ್ಣ ತೊಟ್ಟಿ ಕಟ್ಟಿ, ಹಗಲಿನಲ್ಲಿ ಹಣ ಕೇಳದೆ ಬರಮಾಡಿಕೊಳ್ಳಿ, ಅಲ್ಲಿಂದ ಅನೆರೋಬಿಕ್ ಹೊಂಡಕ್ಕೆ ಸ್ವಲ್ಪಸ್ವಲ್ಪವಾಗಿ ಬಿಡಿ.

ಉಪ್ಪು ಎಲ್ಲಿಂದ ಬರುತ್ತದೆ ಎಂಬುದನ್ನೂ ಹುಡುಕಿ. ಕುಡಿಯುವ ನೀರಿನ ಆರ್‌ಒ ಘಟಕಗಳು ತಿರಸ್ಕರಿಸಿದ ಗಾಢ ಉಪ್ಪುನೀರು ಒಳಚರಂಡಿ ಸೇರುತ್ತಿದ್ದರೆ ನೀವು ಮೇಲೆ ತೆಗೆದ ಉಪ್ಪನ್ನೇ ಕೆಳಗೆ ಹಾಕುತ್ತಿದ್ದೀರಿ. ಯಾವ ಹೊಂಡವೂ, ಯಾವ ಏರೇಟರ್ ಕೂಡ ಉಪ್ಪನ್ನು ತೆಗೆಯುವುದಿಲ್ಲ. ಆ ನೀರಿಗೆ ಬೇರೆಯದೇ, ತಳಕ್ಕೆ ಹಾಳೆ ಹಾಸಿದ ಆವಿ ಹೊಂಡ ಬೇಕು.

ಶುದ್ಧವಾದ ನೀರು ಯಾರಿಗೆ ಎಂದು ಮೊದಲೇ ನಿರ್ಧರಿಸಿ, ಘಟಕವನ್ನು ಆಮೇಲೆ ಆರಿಸಿ. ಈಗ ನಡೆಯುತ್ತಿರುವುದು ತಿರುಗಾಮುರುಗಾ. ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಹಸಿಯಾಗಿ ತಿನ್ನುವ ಬೆಳೆಗೆ 100 ಮಿಲಿಲೀಟರಿಗೆ 1000ಕ್ಕೆ ಮೀರದ ಮಲಮೂಲ ಕೋಲಿಫಾರ್ಮ್ ಬ್ಯಾಕ್ಟೀರಿಯಾ, ಲೀಟರಿಗೆ ಒಂದಕ್ಕೆ ಮೀರದ ಹುಳುಮೊಟ್ಟೆ ಎಂಬ ಮಿತಿ ಹಾಕಿತ್ತು. 2006ರಲ್ಲಿ ಹೊಲದಿಂದ ಬಾಯಿಯವರೆಗಿನ ಎಲ್ಲ ತಡೆಗಳನ್ನೂ ಒಟ್ಟಿಗೆ ಲೆಕ್ಕ ಹಿಡಿಯುವ ಕ್ರಮಕ್ಕೆ ಬಂತು. ಖರ್ಜೂರ, ಮೇವು, ಗಾಳಿತಡೆಯ ಮರಗಳಿಗೆ ಮಾತ್ರ ನೀರು ಕೊಡುವುದಾದರೆ ಹೊಂಡಗಳಲ್ಲಿ 8ರಿಂದ 10 ದಿನ ತಂಗಿ ಮೊಟ್ಟೆಗಳು ತಳ ಸೇರಿದ ನೀರು ಸಾಕಾಗಬಹುದು, ಅಷ್ಟೂ ಮೆಚುರೇಶನ್ ಹೊಂಡಗಳು ಬೇಡವಾಗಬಹುದು, ಆವಿಯಾಗಿ ಹೋಗುವ ನೀರೂ ಉಳಿಯುತ್ತದೆ. ಮೇಲಾಗಿ ಖರ್ಜೂರ, ಬಾರ್ಲಿ ಉಪ್ಪು ತಾಳುತ್ತವೆ. ಹುರುಳಿಕಾಯಿ, ಕಿತ್ತಳೆ ತಾಳುವುದಿಲ್ಲ, ಕಿತ್ತಳೆಗೆ ಸಾಬೂನುಪುಡಿಯ ಬೋರಾನ್ ಕೂಡ ವಿಷ. ಹನಿ ನೀರಾವರಿಗೆ ಪಾಚಿಯ ನೀರು ನೇರ ಬಿಟ್ಟರೆ ತೂತುಗಳು ಕಟ್ಟಿಹೋಗುತ್ತವೆ; ಮರಳು ಸೋಸುಗ, ಡಿಸ್ಕ್ ಸೋಸುಗ ಎರಡೂ ಬೇಕು. ಬೇರಿನ ಸುತ್ತ ಉಪ್ಪು ಕೂಡದಂತೆ ಗಿಡದ ಅಗತ್ಯಕ್ಕಿಂತ ಒಂದಿಷ್ಟು ಹೆಚ್ಚು ನೀರು ಹಾಯಿಸಿ ಉಪ್ಪನ್ನು ಕೆಳಗೆ ತೊಳೆಯಬೇಕು.

ಪರೀಕ್ಷೆಯ ವರದಿಗಳ ಬಗ್ಗೆ ಒಂದು ನೇರ ಮಾತು. ಮಧ್ಯಾಹ್ನ ಎರಡು ಗಂಟೆಗೆ ಮೆಚುರೇಶನ್ ಹೊಂಡದಿಂದ ಒಂದು ಬಾಟಲಿ ತುಂಬಿಸಿಕೊಂಡರೆ ಪಾಚಿ ಉತ್ಸಾಹದಲ್ಲಿರುತ್ತದೆ, ಆಮ್ಲಜನಕ ಉಕ್ಕುತ್ತಿರುತ್ತದೆ, ಪಿಎಚ್ 9 ದಾಟಿರುತ್ತದೆ, ಕೋಲಿಫಾರ್ಮ್ ಕನಿಷ್ಠ. ಬೆಳಗಿನ ಜಾವ ಅದೇ ನೀರಿನ ಕಥೆ ಬೇರೆ. 24 ಗಂಟೆಯ ಮಿಶ್ರ ಮಾದರಿ, 4 ಡಿಗ್ರಿಯ ಪೆಟ್ಟಿಗೆಯಲ್ಲಿ ಸಾಗಣೆ, ಬಿಒಡಿಯನ್ನು ಸೋಸಿದ ಮತ್ತು ಸೋಸದ ಎರಡೂ ಬಗೆಯಲ್ಲಿ ಅಳೆಯುವುದು: ಇವಿಲ್ಲದ ವರದಿಗೆ ಸಹಿ ಹಾಕಬೇಡಿ.

ನಮ್ಮ ಬೇಡಿಕೆಗಳು ಹೀಗಿವೆ. ಹೊಸ ಟೆಂಡರನ್ನು ಒಂದು ವರ್ಷ ತಡೆಹಿಡಿಯಿರಿ. ಆ ವರ್ಷದಲ್ಲಿ ಹೂಳನ್ನು ತೆಗೆಸಿ, ಒಳಗಂಡಿ ಹೊರಗಂಡಿಗಳನ್ನು ಸರಿಪಡಿಸಿ, ಕೊಳವೆಬಾವಿಗಳ ಸಲ್ಫೇಟ್, ಲವಣ, ನೈಟ್ರೇಟ್ ಪರೀಕ್ಷಿಸಿ. ವರ್ಷಕ್ಕೊಮ್ಮೆ ಬಂದರೂ ಹುಚ್ಚೆದ್ದು ಬರುವ ಹಳ್ಳದ ಪಾತ್ರದಲ್ಲಿ ಘಟಕ ಇದ್ದರೆ ಏರಿಯನ್ನೂ ಬಳಸುಗಾಲುವೆಯನ್ನೂ ಈಗಲೇ ಕಟ್ಟಿಸಿ. ಘಟಕದ ಕೆಲಸಗಾರರಿಗೆ ಖಾಯಂ ಹುದ್ದೆ, ಕೈಗವಸು, ಬೂಟು, ಲಸಿಕೆ, ಸ್ನಾನಕ್ಕೆ ನೀರು ಕೊಡಿ. ಅವರ ಹಾಜರಾತಿಯ ಮೇಲೆ ಇಡೀ ಘಟಕ ನಿಂತಿದೆ. ಹೊಸ ಘಟಕ ಕಟ್ಟಿಸುವುದೇ ಆದರೆ ಕಟ್ಟಿದವನೇ ಐದು ವರ್ಷ ನಡೆಸಬೇಕು, ಹಣ ಹೊರಬರುವ ನೀರಿನ ಗುಣಮಟ್ಟಕ್ಕೆ ಸಿಗಬೇಕು, ಯಂತ್ರ ಇಳಿಸಿದ ದಿನಕ್ಕಲ್ಲ.

ಇದೆಲ್ಲಕ್ಕೂ ಮುಂಚೆ, ಈ ವಾರವೇ ಆಗಬಹುದಾದ ಒಂದು ಕೆಲಸವಿದೆ. ಕೊನೆಯ ಹೊಂಡದ ಹೊರಗಾಲುವೆಗೆ 90 ಡಿಗ್ರಿಯ ವಿ-ಆಕಾರದ ಕಚ್ಚಿರುವ ತಗಡಿನ ಹಲಗೆ ಅಡ್ಡ ಇಟ್ಟು, ಹಿಂದೆ ಒಂದು ಅಳತೆಪಟ್ಟಿ ನೆಡಿಸಿ. ಕಚ್ಚಿನ ತಳದಿಂದ ನೀರು 17 ಸೆಂಟಿಮೀಟರ್ ನಿಂತರೆ ದಿನಕ್ಕೆ 1400 ಘನ ಮೀಟರ್, 20 ನಿಂತರೆ ಸುಮಾರು 2100. ಒಳಬರುವ ಕಡೆಗೆ ಈ ಹಲಗೆ ಬೇಡ, ಹಿಂದೆ ಮರಳು ಕೂತು ಸುಳ್ಳು ಹೇಳುತ್ತದೆ. ಅಲ್ಲಿ ಪಾರ್ಶಲ್ ಫ್ಲೂಮ್, ಅಂದರೆ ನಡು ಕಿರಿದಾದ ಅಳತೆಗಾಲುವೆ, ಇರಲಿ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ, ಸಂಜೆ, ನಡುರಾತ್ರಿ, ದಿನಕ್ಕೆ ನಾಲ್ಕು ಸಲ ಎರಡೂ ಕಡೆಯ ಅಂಕಿ ಬರೆದು, ಆ ಹಾಳೆಯನ್ನು ಪ್ರತಿ ತಿಂಗಳು ನಗರಸಭೆಯ ಸೂಚನಾ ಫಲಕದ ಮೇಲೆ ಅಂಟಿಸಿ. ಮುಂದಿನ ಸಾಮಾನ್ಯ ಸಭೆಯಲ್ಲಿ ಟೆಂಡರಿನ ಮಾತು ಬಂದಾಗ ಆ ಹಾಳೆ ಮೇಜಿನ ಮೇಲಿರಲಿ ಎಂದು ಕೋರುತ್ತೇವೆ.

ಇಂತಿ,
ಕೊಳಚೆ ನೀರು ಶುದ್ಧೀಕರಣದ ಕೆಲಸ ಬಲ್ಲ ಕೆಲವರು